ನೀರಿನ ಆಳಕ್ಕೆ ಕಿವಿಗೊಟ್ಟ ವಿಜ್ಞಾನಿ: ಪಾಲ್ ಲಾಂಜೆವಿನ್

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಮುಗಿಲನ್ನು ನಂಬಿ ಬದುಕುವ ಸೀಮೆ. ಕನ್ನಡ ನಾಡಿನಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇವೂ ಸೇರಿವೆ. ಶೇಂಗಾ ಹೊಲ, ಕುರಿಯ ಹಿಂಡು, ಕಂಬಳಿಯ ಮಗ್ಗ, ಎಣ್ಣೆಯ ಗಿರಣಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ, ಇವು ನಮ್ಮ ಜನರಿಗೆ ಪರಿಚಿತವಾದ ವಸ್ತುಗಳೇ ಹೊರತು ದೋಣಿಯೂ ಅದರ ಚುಕ್ಕಾಣಿಯೂ ಅಲ್ಲ. ಇಂತಹ ಸೀಮೆಯ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ದೋಣಿಯ ಬೆನ್ನಿಗೆ ಕಟ್ಟುವ ಒಂದು ಉಪಕರಣದ ಮಾತೂ, ಅದನ್ನು ಕಂಡುಹಿಡಿದ ದೂರದ ಫ್ರಾನ್ಸ್ ದೇಶದ ವಿಜ್ಞಾನಿಯ ಮಾತೂ ಏಕೆಂದು ವಾಚಕರು ಕೇಳಬಹುದು. ನೀರು ಹೇರಳವಾಗಿರುವ ಕಡೆ ನೀರಿನ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ನೀರು ವಿರಳವಾದ ಕಡೆ ಪ್ರತಿಯೊಂದು ಅಡಿಯ ಲೆಕ್ಕವೂ ಬೇಕಾಗುತ್ತದೆ. ಆ ಲೆಕ್ಕವನ್ನು ಇಂದು ಬರೆಯುತ್ತಿರುವುದು ಈ ಉಪಕರಣವೇ.

ನಮ್ಮ ನೆರೆಯ ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರದಲ್ಲಿ ಸುಮಾರು 30 ಟಿ.ಎಂ.ಸಿ. ನೀರು ನಿಲ್ಲಬಲ್ಲುದು. 1933ರಲ್ಲಿ ಕೋಡಿ ಹರಿದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಬಳಿಕ, 2022ರಲ್ಲಿ. ಮೊಳಕಾಲ್ಮೂರಿನ ಉತ್ತರಕ್ಕೆ ಹೊಸಪೇಟೆಯ ಬಳಿ ಇರುವ ತುಂಗಭದ್ರಾ ಜಲಾಶಯದ ಸ್ಥಿತಿ ಬೇರೆ. ಅಲ್ಲಿ ನೀರು ಬರುತ್ತದೆ, ನೀರಿನೊಡನೆ ಹೂಳೂ ಬರುತ್ತದೆ. 1953ರಲ್ಲಿ ಸುಮಾರು 132 ಟಿ.ಎಂ.ಸಿ. ಹಿಡಿಯುತ್ತಿದ್ದ ಆ ಜಲಾಶಯ 2016ರ ಅಳತೆಯ ಪ್ರಕಾರ ಸುಮಾರು 105.8 ಟಿ.ಎಂ.ಸಿ. ಮಾತ್ರ ಹಿಡಿಯುತ್ತದೆ. ಅಂದರೆ ಸರಿಸುಮಾರು ಒಂದು ವಾಣಿವಿಲಾಸ ಸಾಗರದಷ್ಟು ಸ್ಥಳವನ್ನು ಹೂಳು ನುಂಗಿಬಿಟ್ಟಿದೆ. ನೀರಿನ ಅಡಿಯಲ್ಲಿ ಕಣ್ಣಿಗೆ ಬೀಳದೆ ಕುಳಿತಿರುವ ಹೂಳನ್ನು ಅಳೆಯುವ ಬಗೆ ಹೇಗೆ? ಹಿಂದೆ ಉದ್ದವಾದ ಗಳುವನ್ನೋ, ತುದಿಗೆ ಸೀಸದ ಗುಂಡು ಕಟ್ಟಿದ ಹಗ್ಗವನ್ನೋ ಇಳಿಬಿಟ್ಟು ಅಳೆಯುತ್ತಿದ್ದರು. ಇಂದು ದೋಣಿಯೊಂದು ನೀರಿನ ಮೇಲೆ ಗೆರೆ ಎಳೆದಂತೆ ಅತ್ತಿಂದಿತ್ತ ಸಾಗುತ್ತದೆ. ಅದಕ್ಕೆ ಕಟ್ಟಿದ ಅಂಗೈಯಗಲದ ಬಿಲ್ಲೆಯೊಂದು ಕಿವಿಗೆ ಕೇಳಿಸದ ಧ್ವನಿಯನ್ನು ಕೆಳಗೆ ಕಳಿಸಿ, ತಳಕ್ಕೆ ಬಡಿದು ಹಿಂದಿರುಗುವ ಪ್ರತಿಧ್ವನಿಯನ್ನು ಆಲಿಸಿ, ಆಳವನ್ನು ಹೇಳುತ್ತದೆ. ಈ ಬಿಲ್ಲೆಗೆ ಟ್ರಾನ್ಸ್‌ಡ್ಯೂಸರ್ ಎಂದು ಹೆಸರು. ಅದನ್ನು ಮೊದಲು ಸಮರ್ಪಕವಾಗಿ ರಚಿಸಿದ ಕೀರ್ತಿ ಪಾಲ್ ಲಾಂಜೆವಿನ್ನನದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಪಾಲ್ ಲಾಂಜೆವಿನ್ 1872ನೆಯ ಇಸವಿ ಜನವರಿ 23ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ಆತನ ತಂದೆ ಶ್ರೀಮಂತನಲ್ಲ. ಕಟ್ಟಡದ ಕೆಲಸಗಳನ್ನು ಅಳೆದು ಲೆಕ್ಕ ಪರಿಶೀಲಿಸುವ ವೃತ್ತಿಯಿಂದ ಸಂಸಾರ ಸಾಗಿಸುತ್ತಿದ್ದವನು. ಅಳತೆ ತಪ್ಪಿದರೆ ಒಬ್ಬರಿಗೆ ಅನ್ಯಾಯವಾಗುತ್ತದೆಂಬ ತಿಳಿವಳಿಕೆ ಅಂತಹ ಮನೆಯಲ್ಲಿ ಮಗುವಿಗೆ ತಾನಾಗಿಯೇ ಬರುವಂತಹದು.

ಹದಿನಾರನೆಯ ವಯಸ್ಸಿನಲ್ಲಿ, 1888ರಲ್ಲಿ, ಆತನು ಪ್ಯಾರಿಸ್ ನಗರಸಭೆಯು ನಡೆಸುತ್ತಿದ್ದ ಭೌತ ಹಾಗೂ ರಸಾಯನ ಕೈಗಾರಿಕಾ ವಿದ್ಯಾಲಯವನ್ನು ಸೇರಿದನು. ಅಲ್ಲಿ ಪ್ರಯೋಗಶಾಲೆಯ ಮೇಲ್ವಿಚಾರಕನಾಗಿದ್ದವನು ಪಿಯರ್ ಕ್ಯೂರಿ. ಮುಂದೆ ರೇಡಿಯಂ ಧಾತುವಿನಿಂದ ಜಗತ್ಪ್ರಸಿದ್ಧನಾದ ಈ ಕ್ಯೂರಿಯು 1880ರಲ್ಲಿಯೇ ತನ್ನ ಅಣ್ಣ ಜಾಕ್‌ನೊಡನೆ ಒಂದು ಸೋಜಿಗವನ್ನು ಕಂಡುಹಿಡಿದಿದ್ದನು. ಸ್ಫಟಿಕದ ಹಲ್ಲೆಯನ್ನು ಸರಿಯಾದ ದಿಕ್ಕಿನಲ್ಲಿ ಕತ್ತರಿಸಿ ಒತ್ತಿದರೆ ಅದರ ಮುಖಗಳಲ್ಲಿ ವಿದ್ಯುತ್ತು ಕಾಣಿಸಿಕೊಳ್ಳುತ್ತದೆ. ಅದೇ ಹಲ್ಲೆಗೆ ವಿದ್ಯುತ್ತನ್ನು ಕೊಟ್ಟರೆ ಅದು ಅತ್ಯಲ್ಪವಾಗಿ ಹಿಗ್ಗುತ್ತದೆ, ಕುಗ್ಗುತ್ತದೆ. ಈ ಸ್ಫಟಿಕವು ನಮ್ಮ ಹೊಲಗಳ ಬದುವಿನಲ್ಲಿ ಬಿದ್ದಿರುವ ಬೆಣಚು ಕಲ್ಲಿನ ಜಾತಿಯದೇ. ಬೆಣಚು ಕಲ್ಲು ಅನೇಕ ಹರಳುಗಳು ಕೂಡಿದ ಮುದ್ದೆ, ಸ್ಫಟಿಕ ಒಂದೇ ಹರಳು ಎಂಬುದು ಅಂತರ. ಗುರುವಿನ ಪ್ರಯೋಗಶಾಲೆಯಲ್ಲಿ ಕಂಡ ಈ ಸ್ಫಟಿಕದ ಗುಣವನ್ನು ಶಿಷ್ಯನು ಮರೆಯಲಿಲ್ಲ. ಅದು ಕಾಲು ಶತಮಾನಕ್ಕೂ ಹೆಚ್ಚಿನ ಅವಧಿಯ ಬಳಿಕ ಫಲ ಕೊಟ್ಟಿತು.

1894ರಲ್ಲಿ ಲಾಂಜೆವಿನ್ ಫ್ರಾನ್ಸಿನ ಮೇಧಾವಿ ವಿದ್ಯಾರ್ಥಿಗಳ ತವರಾದ ಎಕೋಲ್ ನಾರ್ಮಾಲ್ ವಿದ್ಯಾಲಯವನ್ನು ಪ್ರವೇಶಿಸಿದನು. ಅಲ್ಲಿಯ ವ್ಯಾಸಂಗ ಮುಗಿಸಿ 1897ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ನಗರಕ್ಕೆ ಹೋಗಿ, ಜೆ. ಜೆ. ಥಾಮ್ಸನ್ನನ ಕ್ಯಾವೆಂಡಿಷ್ ಪ್ರಯೋಗಶಾಲೆಯಲ್ಲಿ ಒಂದು ವರ್ಷ ಕೆಲಸ ಮಾಡಿದನು. ಅಲ್ಲಿ ಅರ್ನೆಸ್ಟ್ ರುದರ್‌ಫರ್ಡ್ ಆತನ ಗೆಳೆಯನಾದನು. ಹಿಂದಿರುಗಿದ ಮೇಲೆ 1902ರಲ್ಲಿ, ಅಯಾನುಗಳಿಂದ ಕೂಡಿದ ಅನಿಲಗಳನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪದವಿ ದೊರಕಿತು. 1904ರಲ್ಲಿ, ಪಿಯರ್ ಕ್ಯೂರಿಯು ಸೊರ್ಬಾನಿಗೆ ಹೋದಾಗ ತೆರವಾದ ಪ್ರಾಧ್ಯಾಪಕ ಸ್ಥಾನಕ್ಕೆ ಶಿಷ್ಯನೇ ಬಂದನು. 1909ರಲ್ಲಿ ಕಾಲೇಜ್ ದ ಫ್ರಾನ್ಸಿನಲ್ಲಿಯೂ ಪ್ರಾಧ್ಯಾಪಕನಾದನು.

ಈ ಅವಧಿಯಲ್ಲಿ ಆತನ ಬುದ್ಧಿಶಕ್ತಿ ಪೂರ್ಣವಾಗಿ ಅರಳಿತು. ಕೆಲವು ವಸ್ತುಗಳು ಆಯಸ್ಕಾಂತದತ್ತ ಸೆಳೆಯಲ್ಪಡುವುದೂ ಮತ್ತೆ ಕೆಲವು ದೂರ ಸರಿಯುವುದೂ ಏಕೆಂಬುದನ್ನು 1905ರಲ್ಲಿ ಅಣುಗಳೊಳಗಿನ ಎಲೆಕ್ಟ್ರಾನುಗಳ ಚಲನೆಯಿಂದ ವಿವರಿಸಿದನು. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಅಂಕುಡೊಂಕು ನಡಿಗೆಗೆ 1908ರಲ್ಲಿ ಸಮೀಕರಣ ಬರೆದನು. ಅದು ಇಂದಿಗೂ ಆತನ ಹೆಸರಿನಿಂದಲೇ ವಿದ್ಯಾರ್ಥಿಗಳಿಗೆ ಪಾಠವಾಗುತ್ತಿದೆ. ಐನ್‌ಸ್ಟೈನನ ಸಾಪೇಕ್ಷತಾ ಸಿದ್ಧಾಂತವನ್ನು ಫ್ರಾನ್ಸಿನಲ್ಲಿ ಮೊದಲು ಮನಗಂಡು ಬೋಧಿಸಿದವರಲ್ಲಿ ಈತನು ಅಗ್ರಗಣ್ಯ. ಬೆಳಕಿನ ವೇಗಕ್ಕೆ ಹತ್ತಿರವಾಗಿ ಪಯಣಿಸಿ ಮರಳಿದವನಿಗೆ, ಊರಲ್ಲೇ ಉಳಿದವನಿಗಿಂತ ಕಡಿಮೆ ವಯಸ್ಸಾಗಿರುತ್ತದೆಂಬ ವಿಚಾರವನ್ನು ಪ್ರಯಾಣಿಕನ ಕಥೆಯಾಗಿ 1911ರಲ್ಲಿ ಜಗತ್ತಿನ ಮುಂದಿಟ್ಟವನೂ ಈತನೇ.

ಸಮುದ್ರದಡಿಯ ಶತ್ರು

ಇಂತಹ ಸಿದ್ಧಾಂತಿಯು ನೀರಿಗಿಳಿದದ್ದು ಹೇಗೆ? 1912ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ಬಡಿದು ಮುಳುಗಿ ಸಾವಿರದೈನೂರು ಮಂದಿ ಪ್ರಾಣ ಕಳೆದುಕೊಂಡರು. ಮುಂದಿರುವ ಅಪಾಯವನ್ನು ಪ್ರತಿಧ್ವನಿಯಿಂದ ಅರಿಯಬಹುದೆಂಬ ಯೋಚನೆ ಹಲವು ದೇಶಗಳಲ್ಲಿ ಆಗಲೇ ಮೊಳೆಯಿತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನಿಯ ಜಲಾಂತರ್ಗಾಮಿಗಳು ಮಿತ್ರರಾಷ್ಟ್ರಗಳ ಹಡಗುಗಳನ್ನು ಒಂದೊಂದಾಗಿ ಮುಳುಗಿಸತೊಡಗಿದವು. 1915ರ ಆರಂಭದಲ್ಲಿ ಸ್ವಿಟ್ಸರ್ಲೆಂಡಿನಲ್ಲಿದ್ದ ರಷ್ಯಾ ದೇಶದ ಎಂಜಿನಿಯರ್ ಕಾನ್‌ಸ್ಟಾಂಟಿನ್ ಷಿಲೋವ್‌ಸ್ಕಿ ಎಂಬಾತನು, ಕಿವಿಗೆ ಕೇಳಿಸದಷ್ಟು ತೀವ್ರ ಕಂಪನದ ಧ್ವನಿಯಿಂದ ಅವುಗಳನ್ನು ಪತ್ತೆ ಮಾಡಬಹುದೆಂದು ಫ್ರೆಂಚ್ ಸರ್ಕಾರಕ್ಕೆ ಬರೆದು ತಿಳಿಸಿದನು. ಆ ಸಲಹೆಯನ್ನು ಪರಿಶೀಲಿಸುವ ಭಾರ ಲಾಂಜೆವಿನ್ನನ ಮೇಲೆ ಬಿತ್ತು.

ಕೇಳಿಸದ ಧ್ವನಿಯೇ ಏಕೆ ಬೇಕೆಂಬುದು ತಿಳಿಯತಕ್ಕ ವಿಷಯ. ನೀರಿನಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 1,480 ಮೀಟರು ಸಾಗುತ್ತದೆ. ಜಿನೀವಾ ಸರೋವರದಲ್ಲಿ 1826ರಲ್ಲಿ ಕೊಲಾಡಾನ್ ಮತ್ತು ಸ್ಟರ್ಮ್ ಎಂಬವರು ನೀರೊಳಗೆ ಗಂಟೆ ಬಾರಿಸಿ ಇದನ್ನು ಅಳೆದಿದ್ದರು. ತಣ್ಣನೆಯ ಆ ನೀರಿನಲ್ಲಿ ಅವರಿಗೆ ದೊರೆತ ವೇಗ 1,435 ಮೀಟರು. ಸೆಕೆಂಡಿಗೆ ಸಾವಿರ ಸಲ ಕಂಪಿಸುವ ಸಾಮಾನ್ಯ ಧ್ವನಿಯ ಅಲೆ ನೀರಿನಲ್ಲಿ ಒಂದೂವರೆ ಮೀಟರು ಉದ್ದವಿರುತ್ತದೆ. ಅದು ದೀಪದ ಬೆಳಕಿನಂತೆ ಎಲ್ಲ ಕಡೆಗೂ ಚೆಲ್ಲಿಹೋಗುವುದರಿಂದ ಪ್ರತಿಧ್ವನಿ ಯಾವ ದಿಕ್ಕಿನಿಂದ ಬಂದಿತೆಂದು ಹೇಳಲು ಬರುವುದಿಲ್ಲ. ಸೆಕೆಂಡಿಗೆ 40,000 ಸಲ ಕಂಪಿಸುವ ಧ್ವನಿಯ ಅಲೆಯಾದರೋ ನಾಲ್ಕು ಸೆಂಟಿಮೀಟರಿಗೂ ಕಡಿಮೆ. ಅದನ್ನು ಸಾಧಾರಣ ಗಾತ್ರದ ತಟ್ಟೆಯಿಂದಲೇ ಒಂದು ಕೋಲಿನಂತೆ ನೇರವಾಗಿ ಕಳಿಸಬಹುದು.

ಮೊದಲು ಅಭ್ರಕದ ಹಾಳೆಯುಳ್ಳ ವಿದ್ಯುತ್ ಸಂಗ್ರಾಹಕವೊಂದನ್ನು ಧ್ವನಿ ಹೊರಡಿಸಲು ಬಳಸಿ, ಇಂಗಾಲದ ಹರಳುಗಳ ಮೈಕ್ರೊಫೋನಿನಿಂದ ಆಲಿಸಿ, ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಪ್ರಯೋಗಗಳು ನಡೆದುವು. 1916ರ ಮೇ ತಿಂಗಳಲ್ಲಿ ಷಿಲೋವ್‌ಸ್ಕಿ, ಲಾಂಜೆವಿನ್ ಇಬ್ಬರ ಹೆಸರಿನಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು. ಆದರೆ ಯಂತ್ರ ಮಾತ್ರ ನೆಚ್ಚುವಂತಿರಲಿಲ್ಲ. ಷಿಲೋವ್‌ಸ್ಕಿಯು ಕೆಲಸದಿಂದ ಹಿಂದೆ ಸರಿದನು. ಆಗ ಲಾಂಜೆವಿನ್ನನ ನೆನಪಿಗೆ ಬಂದದ್ದು ಗುರುವಿನ ಸ್ಫಟಿಕ. 1917ರಲ್ಲಿ ಸ್ಫಟಿಕದ ಹಲ್ಲೆಯೊಂದನ್ನು ಕತ್ತರಿಸಿ ನೀರಿನಲ್ಲಿ ಕಿವಿಯಂತೆ ಇಟ್ಟು ನೋಡಿದಾಗ ಅದು ಮೈಕ್ರೊಫೋನಿಗಿಂತ ಎಷ್ಟೋ ಚೆನ್ನಾಗಿ ಆಲಿಸಿತು. ಬಳಿಕ ಅದೇ ಸ್ಫಟಿಕವನ್ನು ಬಾಯಿಯಾಗಿಯೂ ಮಾಡಲು ಹೊರಟನು.

ಇಲ್ಲಿ ಒಂದು ತೊಡಕು. ಬೇಕಾದ ಕಂಪನಕ್ಕೆ ತಾನಾಗಿ ಅನುರಣಿಸಬೇಕಾದರೆ ಸ್ಫಟಿಕವು ಸುಮಾರು ಏಳು ಸೆಂಟಿಮೀಟರು ದಪ್ಪವಿರಬೇಕಾಗಿತ್ತು. ಅಷ್ಟು ದಪ್ಪದ, ಅಗಲವಾದ ನಿರ್ದೋಷ ಸ್ಫಟಿಕ ದೊರೆಯುವುದು ಕಷ್ಟ. ದೊರೆತರೂ ಅದನ್ನು ಕುಣಿಸಲು ಅತಿ ಹೆಚ್ಚಿನ ವಿದ್ಯುತ್ ಒತ್ತಡ ಬೇಕು. ಲಾಂಜೆವಿನ್ ಮಾಡಿದ ಉಪಾಯ ಸರಳ. ತೆಳುವಾದ ಸ್ಫಟಿಕದ ತುಂಡುಗಳನ್ನು ನೆಲಕ್ಕೆ ಹಾಸುಗಲ್ಲು ಹಾಸಿದಂತೆ ಒತ್ತೊತ್ತಾಗಿ ಜೋಡಿಸಿ, ಅವುಗಳ ಮೇಲೊಂದು ಕೆಳಗೊಂದು ದಪ್ಪ ಉಕ್ಕಿನ ತಟ್ಟೆಯನ್ನು ಅಂಟಿಸಿದನು. ಮೂರೂ ಒಂದೇ ವಸ್ತುವಿನಂತೆ ಕಂಪಿಸತೊಡಗಿದವು. ಸ್ಫಟಿಕ ಕೊಂಚವೇ ಬೇಕಾಯಿತು, ಭಾರವನ್ನು ಉಕ್ಕು ಹೊತ್ತಿತು. ಈ ಮೂರು ಪದರಗಳ ನಡುವೆ ಗಾಳಿ ಸೇರದಂತೆ, ಬಿರುಕು ಬಿಡದಂತೆ ಬೆಸೆಯುವುದರಲ್ಲಿಯೇ ಇಡೀ ಯಂತ್ರದ ಯಶಸ್ಸು ಅಡಗಿತ್ತು. ಏಕೆಂದರೆ ಧ್ವನಿಯು ಘನವಸ್ತುವಿನಿಂದ ನೀರಿಗೆ ಸುಲಭವಾಗಿ ದಾಟುತ್ತದೆ, ಆದರೆ ನಡುವೆ ಕೂದಲೆಳೆಯಷ್ಟು ಗಾಳಿಯಿದ್ದರೂ ಬಹುಮಟ್ಟಿಗೆ ಅಲ್ಲಿಂದಲೇ ಹಿಂದಿರುಗಿಬಿಡುತ್ತದೆ. ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಮಾಡುವ ಮುನ್ನ ಹೊಟ್ಟೆಯ ಮೇಲೆ ಲೋಳೆಯಂತಹ ದ್ರವವನ್ನು ಸವರುವುದೂ ಗಾಳಿಯನ್ನು ಹೊರಗಿಡಲಿಕ್ಕಾಗಿಯೇ.

1918ರ ಫೆಬ್ರುವರಿಯಲ್ಲಿ ತೂಲೋನ್ ಬಂದರಿನ ಬಳಿ, ಸಾವಿರ ಮೀಟರಿಗೂ ಮೀರಿದ ದೂರದಲ್ಲಿದ್ದ ಜಲಾಂತರ್ಗಾಮಿಯಿಂದ ಪ್ರತಿಧ್ವನಿ ಸ್ಪಷ್ಟವಾಗಿ ಹಿಂದಿರುಗಿತು. ಧ್ವನಿಯ ಕೋಲಿಗೆ ಅಡ್ಡಬಂದ ಮೀನುಗಳು ಸತ್ತು ತೇಲಿದುದನ್ನೂ, ತೊಟ್ಟಿಯಲ್ಲಿ ಕೈಯಿಟ್ಟರೆ ಎಲುಬಿನಲ್ಲಿ ನೋವಾಗುವುದನ್ನೂ ಲಾಂಜೆವಿನ್ ಗಮನಿಸಿದನು. ಈ ವಿದ್ಯೆಯನ್ನು ಮಿತ್ರರಾಷ್ಟ್ರಗಳೊಡನೆ ಹಂಚಿಕೊಂಡುದರಿಂದ ಬ್ರಿಟನ್ನಿನಲ್ಲಿ ರಾಬರ್ಟ್ ಬಾಯ್ಲ್ ಎಂಬಾತನೂ ಸ್ಫಟಿಕದ ಯಂತ್ರವನ್ನು ಮುಂದುವರಿಸಿದನು. ಅದು ಸಿದ್ಧವಾಗಿ ಹಡಗುಗಳಿಗೆ ಏರುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. ಶತ್ರುವನ್ನು ಹುಡುಕಲು ಹುಟ್ಟಿದ ಯಂತ್ರ ಮುಂದಿನ ದಶಕದಲ್ಲಿ ಸಮುದ್ರದ ಆಳವನ್ನು ಅಳೆಯಲು, ಹಡಗನ್ನು ಬಂಡೆಗಳಿಂದ ಕಾಪಾಡಲು ನೆರವಾಯಿತು.

ಪ್ಯಾರಿಸ್ಸಿನಿಂದ ಬೆಂಗಳೂರಿಗೆ

ಈ ವಿದ್ಯೆಯ ಒಂದು ಕವಲು ನಮ್ಮ ನಾಡಿಗೂ ಬಂದಿತು. ಕೇಳಿಸದ ಧ್ವನಿಯು ದ್ರವದ ಮೂಲಕ ಸಾಗುತ್ತಿರುವಾಗ ಅದಕ್ಕೆ ಅಡ್ಡಲಾಗಿ ಬೆಳಕನ್ನು ಹಾಯಿಸಿದರೆ ಬೆಳಕು ಹಲವು ಗೆರೆಗಳಾಗಿ ಒಡೆಯುವುದನ್ನು 1932ರಲ್ಲಿ ಅಮೆರಿಕದಲ್ಲಿ ಇಬ್ಬರೂ ಫ್ರಾನ್ಸಿನ ಲ್ಯೂಕಾ ಮತ್ತು ಬಿಕಾರ್ ಎಂಬವರೂ ಕಂಡರು. ಬಿಕಾರನು ಲಾಂಜೆವಿನ್ನನ ಸಹಾಯಕ. ಅದು ಹಾಗೇಕಾಗುತ್ತದೆಂಬುದನ್ನು ಗಣಿತದಿಂದ ಸಂಪೂರ್ಣವಾಗಿ ವಿವರಿಸಿದ ಸಿದ್ಧಾಂತ 1935-36ರಲ್ಲಿ ಹೊರಬಿದ್ದುದು ಬೆಂಗಳೂರಿನಿಂದ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸರ್ ಸಿ. ವಿ. ರಾಮನ್ನರೂ ಅವರ ಶಿಷ್ಯರಾದ ನಾಗೇಂದ್ರನಾಥರೂ ಅದನ್ನು ರಚಿಸಿದರು. ರಾಮನ್-ನಾಥ್ ಸಿದ್ಧಾಂತವೆಂದೇ ಅದು ಪ್ರಸಿದ್ಧವಾಗಿದೆ. ಅದೇ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಇಂದು ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಇದೆ.

ದೋಣಿಗೆ ಗಾಯವಾಗದಂತೆ

ಲಾಂಜೆವಿನ್ನನ ಕಾಲದಲ್ಲಿ ದೊಡ್ಡ ಹಡಗುಗಳಿಗೆ ಮಾತ್ರ ಸಾಧ್ಯವಾಗಿದ್ದ ಈ ಯಂತ್ರ ಇಂದು ಸಣ್ಣ ದೋಣಿಗೂ ಬಂದಿದೆ. ಒಳಗೆ ಸ್ಫಟಿಕದ ಬದಲು ಅದೇ ಗುಣವುಳ್ಳ ಪಿಂಗಾಣಿಯ ಜಾತಿಯ ವಸ್ತುವಿರುತ್ತದೆ. ಆದರೆ ಒತ್ತಾಗಿ ಬೆಸೆಯಬೇಕು, ಗಾಳಿಗೆ ಎಡೆಗೊಡಬಾರದು ಎಂಬ ನಿಯಮ ಬದಲಾಗಿಲ್ಲ. ಇದಕ್ಕೆ ಇನ್ನೊಂದು ಕಟ್ಟುಪಾಡೂ ಸೇರಿದೆ. ಯಂತ್ರವನ್ನು ಬಿಗಿಯುವ ಭರದಲ್ಲಿ ದೋಣಿಯನ್ನು ಕೆಡಿಸಬಾರದು.

ತುಂಗಭದ್ರೆಯ ಹರಿಗೋಲಿಗೆ ಹಿಂದು ಮುಂದೆಂಬುದಿಲ್ಲ. ಯಂತ್ರದ ದೋಣಿಗಾದರೋ ಹಿಂಬದಿಯಲ್ಲಿ ನೆಟ್ಟಗೆ ನಿಂತ ಚಪ್ಪಟೆಯಾದ ಹಲಗೆಯಿರುತ್ತದೆ. ಅದನ್ನು ಟ್ರಾನ್ಸಮ್ ಎನ್ನುತ್ತಾರೆ. ಎಂಜಿನ್ನಿನ ಭಾರವೆಲ್ಲ ತೂಗುವುದು ಅದರ ಮೇಲೆಯೇ. ಫೈಬರ್ ದೋಣಿಗಳಲ್ಲಿ ಅನೇಕ ವೇಳೆ ಈ ಹಲಗೆಯ ಒಳಗೆ ಮರವಿದ್ದು ಮೇಲೆ ಫೈಬರಿನ ಹೊದಿಕೆಯಿರುತ್ತದೆ. ಅಜಾಗರೂಕತೆಯಿಂದ ಕೊರೆದ ಒಂದೇ ತೂತಿನ ಮೂಲಕ ನೀರು ಒಳಸೇರಿ ಮರವನ್ನು ವರ್ಷಗಟ್ಟಲೆ ಕೊಳೆಸುತ್ತದೆ. ಹೊರಗೆ ಹೊಳಪು ಹಾಗೆಯೇ ಇರುತ್ತದೆ, ಒಳಗೆ ಕಸುವಿರುವುದಿಲ್ಲ. ಹುಳು ತಿಂದ ಬಾಗಿಲ ಚೌಕಟ್ಟಿನ ಕಥೆಯೇ ಅದರ ಕಥೆ.

ಆದುದರಿಂದ ಬಲ್ಲವರು ಮೊದಲು ಸ್ಥಳವನ್ನು ಆರಿಸುತ್ತಾರೆ. ದೋಣಿ ಓಡುವಾಗ ಅದರ ತಳದಿಂದ ನೀರು ನೊರೆಯಿಲ್ಲದೆ ನುಣ್ಣಗೆ ಹೊರಡುವ ಜಾಗ ಬೇಕು. ರಿವೆಟ್ ಮೊಳೆಗಳ ಸಾಲಿನ ಹಿಂದೆ, ತಳದ ಏಣುಗಳ ಹಿಂದೆ, ನೀರೆಳೆಯುವ ಕೊಳವೆಯ ಹಿಂದೆ ಗುಳ್ಳೆಗಳು ಏಳುವುದರಿಂದ ಅಲ್ಲಿ ಕೂಡದು. ಎಂಜಿನ್ನಿನ ರೆಕ್ಕೆಯಿಂದ ಒಂದು ಮೊಳವಾದರೂ ದೂರವಿರಬೇಕು. ರೆಕ್ಕೆಯ ಅಲಗು ಮೇಲಿನಿಂದ ಕೆಳಕ್ಕೆ ಇಳಿಯುವ ಪಕ್ಕದಲ್ಲಿಯೇ ಇಡುವುದು ವಾಡಿಕೆ. ಹಿಂದಿನಿಂದ ನೋಡಿದಾಗ ರೆಕ್ಕೆ ಗಡಿಯಾರದ ಮುಳ್ಳಿನಂತೆ ಸುತ್ತುತ್ತಿದ್ದರೆ ಅದು ಬಲಪಕ್ಕವಾಗುತ್ತದೆ. ದೋಣಿಯನ್ನು ದಡಕ್ಕೆ ಎಳೆಯುವಾಗ ಗಾಡಿಯ ಉರುಳೆಗೆ ತಾಗದಂತೆಯೂ ನೋಡಬೇಕು.

ಸ್ಥಳ ಆರಿಸಿದೊಡನೆ ಕೊರೆಯತೊಡಗಬಾರದು. ಟ್ರಾನ್ಸ್‌ಡ್ಯೂಸರನ್ನು ಒಂದು ಹಲಗೆಗೆ ಬಿಗಿದು, ಆ ಹಲಗೆಯನ್ನು ಹಿಡಿಕೆಯಿಂದ ತಾತ್ಕಾಲಿಕವಾಗಿ ಕಚ್ಚಿಸಿ, ನಿಧಾನವಾಗಿಯೂ ವೇಗವಾಗಿಯೂ ದೋಣಿಯನ್ನು ಓಡಿಸಿ ನೋಡಬೇಕು. ಆಳ ತಪ್ಪದೆ ಕಾಣಿಸಿದರೆ ಜಾಗ ಸರಿಯಾಗಿದೆಯೆಂದು ಅರ್ಥ. ಆಮೇಲೂ ಟ್ರಾನ್ಸ್‌ಡ್ಯೂಸರನ್ನು ನೇರವಾಗಿ ದೋಣಿಗೆ ಮೊಳೆಯುವುದಕ್ಕಿಂತ, ನೀರು ಹೀರದ ಗಟ್ಟಿ ಪ್ಲಾಸ್ಟಿಕ್ಕಿನ ಹಲಗೆಯೊಂದನ್ನು ದೋಣಿಯ ಬೆನ್ನಿಗೆ ಒಂದೇ ಸಲಕ್ಕೆ ಭದ್ರಪಡಿಸಿ, ಯಂತ್ರವನ್ನು ಆ ಹಲಗೆಗೆ ತಿರುಪಿನಿಂದ ಬಿಗಿಯುವುದು ಜಾಣತನ. ಮುಂದೆ ಎಷ್ಟು ಸಲ ಸರಿಸಿದರೂ, ಯಂತ್ರವನ್ನೇ ಬದಲಿಸಿದರೂ, ತೂತು ಬೀಳುವುದು ಹಲಗೆಗೆ. ಅಂತಹ ಹಲಗೆಯನ್ನು ಬಲವಾದ ಅಂಟಿನಿಂದಲೇ ಕೂರಿಸಿ ತೂತನ್ನು ಸಂಪೂರ್ಣವಾಗಿ ತಪ್ಪಿಸುವವರೂ ಉಂಟು.

ಕೊರೆಯಲೇಬೇಕಾದರೆ ಒಳಬದಿಯಲ್ಲಿ ತಂತಿಯಾಗಲಿ ಎಣ್ಣೆಯ ತೊಟ್ಟಿಯಾಗಲಿ ಇಲ್ಲವೆಂದು ನೋಡಿಕೊಳ್ಳಬೇಕು. ಬೈರಿಗೆಯ ಮೊನೆಗೆ ಅಂಟುಪಟ್ಟಿ ಸುತ್ತಿ, ಎಷ್ಟು ಆಳಕ್ಕೆ ಇಳಿಯಬೇಕೆಂಬ ಗುರುತು ಮಾಡಬೇಕು. ಫೈಬರಿನ ಹೊಳಪಿನ ಪದರ ಸಿಡಿಯದಂತೆ ತೂತಿನ ಬಾಯಿಯನ್ನು ಮೊದಲು ನಯವಾಗಿ ಅಗಲಿಸಬೇಕು. ತುಕ್ಕು ಹಿಡಿಯದ ಉಕ್ಕಿನ ತಿರುಪನ್ನೇ ಬಳಸಿ, ತೂತಿಗೂ ತಿರುಪಿನ ಎಳೆಗೂ ದೋಣಿಗೆಂದೇ ತಯಾರಾದ ಮೆತ್ತುವ ಅಂಟನ್ನು ತುಂಬಬೇಕು. ತಿರುಪನ್ನು ಅತಿಯಾಗಿ ಬಿಗಿಯಬಾರದು, ಬಿಗಿದರೆ ಹಲಗೆ ಸೀಳುತ್ತದೆ. ದೋಣಿ ಅಲ್ಯೂಮಿನಿಯಂನದಾದರೆ ಉಕ್ಕು ಅದಕ್ಕೆ ನೇರವಾಗಿ ತಾಗದಂತೆ ಮಾಡಬೇಕು. ಎರಡು ಲೋಹಗಳು ನೀರಿನಲ್ಲಿ ಕೂಡಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಬಿಲ್ಲೆಯ ಮುಖ ದೋಣಿಯ ತಳಕ್ಕಿಂತ ಕೆಲವೇ ಮಿಲಿಮೀಟರು ಕೆಳಗಿದ್ದು, ದೋಣಿ ನಿಂತ ನೀರಿಗೆ ಸಮತಟ್ಟಾಗಿರಬೇಕು. ತಂತಿಯನ್ನು ದೋಣಿಯೊಳಕ್ಕೆ ತರುವ ತೂತು ನೀರಿನ ಮಟ್ಟದಿಂದ ಮೇಲಿರಬೇಕು. ಬಿಲ್ಲೆಗೆ ಏನಾದರೂ ಬಡಿದು ಅದು ಮೇಲಕ್ಕೆ ಮಡಿಚಿಕೊಂಡಾಗ ಕಿತ್ತುಬರದಂತೆ ತಂತಿಗೆ ಕೊಂಚ ಸಡಿಲ ಬಿಡಬೇಕು. ದೋಣಿಯ ತಳ ಒಂದೇ ಘನವಾದ ಫೈಬರಿನದಾಗಿದ್ದರೆ ಬಿಲ್ಲೆಯನ್ನು ಒಳಗಿನಿಂದಲೇ ಗುಳ್ಳೆಯಿಲ್ಲದ ಅಂಟಿನಲ್ಲಿ ಕೂರಿಸಬಹುದು. ನಡುವೆ ಮರವೋ ನೊರೆಯ ಪದರವೋ ಇದ್ದರೆ ಧ್ವನಿ ದಾಟುವುದಿಲ್ಲ.

ಜಲಾಶಯದ ಸಮೀಕ್ಷೆಗೆ ಬಾಡಿಗೆ ದೋಣಿಯನ್ನು ತೆಗೆದುಕೊಂಡವರು ತೂತಿನ ಗೊಡವೆಗೇ ಹೋಗಬೇಕಾಗಿಲ್ಲ. ದೋಣಿಯ ಪಕ್ಕಕ್ಕೆ ಹಿಡಿಕೆಯಿಂದ ಕಚ್ಚಿಸಿದ ಕಂಬದ ತುದಿಗೆ ಬಿಲ್ಲೆಯನ್ನು ಕಟ್ಟಿ ಇಳಿಬಿಡಬಹುದು. ಕೆಲಸ ಮುಗಿದ ಮೇಲೆ ದೋಣಿಯನ್ನು ಇದ್ದಂತೆಯೇ ಅದರ ಒಡೆಯನಿಗೆ ಒಪ್ಪಿಸಬಹುದು. ಆದರೆ ಕಂಬ ಅಲುಗಿದರೆ ಅಳತೆಯೂ ಅಲುಗುತ್ತದೆ. ಬಿಲ್ಲೆಯು ನೀರಿನ ಮಟ್ಟದಿಂದ ಎಷ್ಟು ಕೆಳಗಿದೆಯೆಂಬುದನ್ನು ಲೆಕ್ಕಕ್ಕೆ ಸೇರಿಸಬೇಕು. ತಿಳಿದಿರುವ ಆಳಕ್ಕೆ ಲೋಹದ ತಟ್ಟೆಯೊಂದನ್ನು ಇಳಿಬಿಟ್ಟು ಯಂತ್ರವು ಅಷ್ಟೇ ಆಳವನ್ನು ತೋರಿಸುವುದೇ ಎಂದು ಪರೀಕ್ಷಿಸಬೇಕು. ಪ್ರತಿಧ್ವನಿ 0.02 ಸೆಕೆಂಡಿನಲ್ಲಿ ಬಂದರೆ ಆಳ 14.8 ಮೀಟರು. ಅಷ್ಟು ಸಣ್ಣ ಕಾಲವನ್ನು ನಂಬಿ ನಡೆಯುವ ಅಳತೆಯಲ್ಲಿ ಒಂದು ಗೇಣಿನ ತಪ್ಪು ಇಡೀ ಜಲಾಶಯದ ಮೇಲೆ ಹರಡಿದಾಗ ಎಷ್ಟೋ ಹೊಲಗಳ ನೀರಾಗುತ್ತದೆ.

ಕಡೆಯ ವರ್ಷಗಳು

ಲಾಂಜೆವಿನ್ ಪ್ರಯೋಗಶಾಲೆಯ ಒಳಗೆ ಅವಿತುಕೊಂಡವನಲ್ಲ. ಯುದ್ಧದ ದ್ವೇಷ ಇನ್ನೂ ಆರದ 1922ರಲ್ಲಿ, ಜರ್ಮನಿಯಿಂದ ಐನ್‌ಸ್ಟೈನನನ್ನು ಪ್ಯಾರಿಸ್ಸಿಗೆ ಆಹ್ವಾನಿಸಿ ಉಪನ್ಯಾಸ ಮಾಡಿಸಿದನು. ತರುಣ ಲೂಯಿ ದ ಬ್ರಾಯ್ ಬರೆದ ಅಪೂರ್ವ ಪ್ರಬಂಧ 1924ರಲ್ಲಿ ತನ್ನ ಮುಂದೆ ಬಂದಾಗ ಅದನ್ನು ಐನ್‌ಸ್ಟೈನನಿಗೆ ಕಳಿಸಿಕೊಟ್ಟನು. ತನ್ನ ಶಿಷ್ಯ ಫ್ರೆಡರಿಕ್ ಜೋಲಿಯೋನನ್ನು ಮೇರಿ ಕ್ಯೂರಿಗೆ ಶಿಫಾರಸು ಮಾಡಿದವನೂ ಈತನೇ. ಆ ಇಬ್ಬರು ತರುಣರೂ ಮುಂದೆ ನೊಬೆಲ್ ಬಹುಮಾನ ಪಡೆದರು. ತಾನು ಕಲಿತ ವಿದ್ಯಾಲಯಕ್ಕೆ ಲಾಂಜೆವಿನ್ನನೇ ನಿರ್ದೇಶಕನಾದನು. 1930 ಮತ್ತು 1933ರ ಸಾಲ್ವೇ ಸಮ್ಮೇಳನಗಳಲ್ಲಿ ಜಗತ್ತಿನ ಹಿರಿಯ ಭೌತವಿಜ್ಞಾನಿಗಳಿಗೆ ಅಧ್ಯಕ್ಷನಾದನು. ಹಿಟ್ಲರನು ಜರ್ಮನಿಯಲ್ಲಿ ತಲೆಯೆತ್ತಿದಾಗ, 1934ರಲ್ಲಿ, ಸರ್ವಾಧಿಕಾರದ ವಿರುದ್ಧ ಬುದ್ಧಿಜೀವಿಗಳ ಸಂಘ ಕಟ್ಟಿದವರಲ್ಲಿ ಈತನೂ ಒಬ್ಬ.

ಅದರ ಬೆಲೆಯನ್ನು ಆತನು ತೆರಬೇಕಾಯಿತು. ಜರ್ಮನ್ ಸೈನ್ಯ ಪ್ಯಾರಿಸ್ಸನ್ನು ಆಕ್ರಮಿಸಿದ ಕೆಲವೇ ತಿಂಗಳಲ್ಲಿ, 1940ರ ಅಕ್ಟೋಬರ್ 30ರಂದು, ಅರುವತ್ತೆಂಟು ವರ್ಷದ ಆ ವೃದ್ಧನನ್ನು ಬಂಧಿಸಿ ಸೆರೆಮನೆಗೆ ನೂಕಿದರು. ಅದನ್ನು ಪ್ರತಿಭಟಿಸಿ ವಿದ್ಯಾರ್ಥಿಗಳು ಬೀದಿಗಿಳಿದರು. ಒಂದು ತಿಂಗಳಿಗೂ ಹೆಚ್ಚು ಕಾಲದ ಬಳಿಕ ಬಿಡುಗಡೆ ಮಾಡಿ, ತ್ರ್ವಾ ಎಂಬ ಊರಿನಲ್ಲಿ ಗೃಹಬಂಧನದಲ್ಲಿ ಇರಿಸಿದರು. ಆತನ ಅಳಿಯ, ಭೌತವಿಜ್ಞಾನಿಯಾದ ಜಾಕ್ ಸಾಲೊಮನ್ನನನ್ನು 1942ರ ಮೇ ತಿಂಗಳಲ್ಲಿ ಗುಂಡಿಟ್ಟು ಕೊಂದರು. ಮಗಳು ಹೆಲೆನಳನ್ನು 1943ರ ಜನವರಿಯಲ್ಲಿ ಆಷ್‌ವಿಟ್ಸ್ ಯಾತನಾಶಿಬಿರಕ್ಕೆ ಸಾಗಿಸಿದರು. ಆಕೆ ಬದುಕಿ ಬಂದದ್ದೇ ಪುಣ್ಯ. ಲಾಂಜೆವಿನ್ನನು 1944ರಲ್ಲಿ ಸ್ವಿಟ್ಸರ್ಲೆಂಡಿಗೆ ತಪ್ಪಿಸಿಕೊಂಡು ಹೋಗಿ, ಪ್ಯಾರಿಸ್ ವಿಮುಕ್ತವಾದ ಮೇಲೆ ಹಿಂದಿರುಗಿ ತನ್ನ ವಿದ್ಯಾಲಯದ ಕುರ್ಚಿಯಲ್ಲಿ ಮತ್ತೆ ಕುಳಿತನು. ಉಳಿದ ಶಕ್ತಿಯನ್ನೆಲ್ಲ ಫ್ರಾನ್ಸಿನ ಶಿಕ್ಷಣವನ್ನು ಬಡವರ ಮಕ್ಕಳಿಗೂ ಸಮವಾಗಿ ಒದಗಿಸುವ ಯೋಜನೆಯನ್ನು ಸಿದ್ಧಪಡಿಸುವುದಕ್ಕೆ ವಿನಿಯೋಗಿಸಿದನು. ಅದು ಲಾಂಜೆವಿನ್-ವಾಲೋನ್ ಯೋಜನೆಯೆಂಬ ಹೆಸರಿನಿಂದ 1947ರಲ್ಲಿ ಹೊರಬಂದಾಗ ಆತನು ಇರಲಿಲ್ಲ. 1946ರ ಡಿಸೆಂಬರ್ 19ರಂದು ಲಾಂಜೆವಿನ್ ಕಾಲವಶನಾದನು. ಎರಡು ವರ್ಷಗಳ ಬಳಿಕ ಫ್ರಾನ್ಸ್ ದೇಶವು ಆತನ ಅಸ್ಥಿಯನ್ನು ತನ್ನ ಮಹಾಪುರುಷರ ಸಮಾಧಿಮಂದಿರವಾದ ಪಾಂಥಿಯಾನಿನಲ್ಲಿ ಇರಿಸಿ ಗೌರವಿಸಿತು.

ಸೆರೆಮನೆಯೂ ಪುತ್ರಿಯ ಅಗಲಿಕೆಯೂ ಆತನನ್ನು ಕಹಿಮನಸ್ಸಿನವನನ್ನಾಗಿ ಮಾಡಲಿಲ್ಲ. ಹಿಂದಿರುಗಿ ಬಂದೊಡನೆ ಆತನು ಯೋಚಿಸಿದ್ದು ಇನ್ನೊಬ್ಬರ ಮಕ್ಕಳ ಶಾಲೆಯನ್ನು. ಹಾಗೆಯೇ ಆತನ ಯಂತ್ರವೂ ಕೊಲ್ಲುವ ಕೆಲಸದಲ್ಲಿ ಹುಟ್ಟಿ ಕಾಪಾಡುವ ಕೆಲಸಕ್ಕೆ ಬಂದಿತು. ಕಡಲಿನಲ್ಲಿ ಮೀನುಗಾರರಿಗೆ ಮೀನನ್ನು ತೋರಿಸುತ್ತಿದೆ, ಆಸ್ಪತ್ರೆಯಲ್ಲಿ ಹುಟ್ಟದ ಮಗುವನ್ನು ತಾಯಿಗೆ ತೋರಿಸುತ್ತಿದೆ, ಜಲಾಶಯದಲ್ಲಿ ಹೂಳು ಎಷ್ಟಿದೆಯೆಂದು ರೈತನಿಗೆ ಹೇಳುತ್ತಿದೆ.

ನಮ್ಮ ಕಾಲೇಜಿನಲ್ಲಿ ಓದಿ ಹೊರಹೋಗುವ ತರುಣರಲ್ಲಿ ಕೆಲವರಾದರೂ ನೀರಾವರಿ ಇಲಾಖೆಗೋ, ಗ್ರಾಮ ಪಂಚಾಯತಿಗೋ, ಕೆರೆಯ ಸಂಘಕ್ಕೋ ಸೇರುವರು. ಅವರ ಮುಂದೆ ಒಂದು ದಿನ ಜಲಾಶಯದ ಅಳತೆಯ ಕಾಗದ ಬರುತ್ತದೆ. ಆಗ ಅಲ್ಲಿರುವ ಅಂಕಿಯನ್ನು ನೋಡಿ ಸುಮ್ಮನಾಗದೆ, ಆ ಅಂಕಿಯನ್ನು ತಂದ ಯಂತ್ರವನ್ನು ದೋಣಿಗೆ ಯಾರು, ಹೇಗೆ ಬಿಗಿದರು, ತಟ್ಟೆ ಇಳಿಬಿಟ್ಟು ಪರೀಕ್ಷಿಸಿದರೋ ಇಲ್ಲವೋ ಎಂದು ಕೇಳುವ ಧೈರ್ಯ ಅವರಿಗಿರಲಿ. ಅಳತೆಗಾರನ ಮಗನಾಗಿ ಹುಟ್ಟಿದ ಪಾಲ್ ಲಾಂಜೆವಿನ್ನನಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.